ಗಡದ ಬಾಗಿಲಲ್ಲಿ ನಿಂತವನ ದಿನಚರಿ

ನರಗುಂದದಿಂದ ರೋಣಕ್ಕೆ ಹೋಗುವ ಆರೂವರೆಯ ಬಸ್ಸು ಅಂದು ಏಳೂಕಾಲಕ್ಕೆ ಹೊರಟಿತು. ಖಂಡೇನವಮಿ. ಡ್ರೈವರ್ ಬಸ್ಸಿನ ಮೂತಿಗೆ ಚೆಂಡುಹೂವಿನ ಮಾಲೆ ಕಟ್ಟಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ಊದುಬತ್ತಿ ಬೆಳಗುವ ತನಕ ನಾವೆಲ್ಲ ಒಳಗೆ ಕೂತು ಆಕಳಿಸಿದೆವು. ಟಿಕೀಟು ಐವತ್ತೈದು ರೂಪಾಯಿ. ನಿಂಬೆಹಣ್ಣು ಪಚಕ್ಕೆಂದಾಗ ಪಕ್ಕದ ಹೆಂಗಸು ಕೈಮುಗಿದಳು. ನಾನು ಮುಗಿಯಲಿಲ್ಲ. ಓದಿದವನೆಂಬ ಸೊಕ್ಕು ಇನ್ನೂ ಸ್ವಲ್ಪ ಉಳಿದಿತ್ತು.

ಓದಿದ್ದೇನೋ ಭಾಳ ಓದಿದ್ದೇನೆ. ಪಿಎಚ್‌ಡಿಗೆ ಹೆಸರು ಹಚ್ಚಿ ಆರನೇ ವರ್ಷ. ವಿಷಯ, ಹದಿನೆಂಟನೇ ಶತಮಾನದ ಓದುಬರಹ ಬಲ್ಲ ತರುಣನ ದಿನನಿತ್ಯದ ಬದುಕು. ಧಾರವಾಡದಲ್ಲಿರುವ ನಮ್ಮ ಗುರುಗಳು ಪ್ರತಿ ಸಲವೂ ಒಂದೇ ಮಾತು ಹೇಳುತ್ತಾರೆ: ಸರದಾರರ ಪತ್ರ ಸಾವಿರ ಸಿಗುತ್ತವೆ, ಒಬ್ಬ ಸಾದಾ ಹುಡುಗ ತನ್ನ ಕೈಯಾರೆ ಬರೆದದ್ದು ತಾ, ಸಹಿ ಹಾಕುತ್ತೇನೆ. ಬರುವ ತಿಂಗಳಿಗೆ ನನ್ನ ಗಡುವು ಮುಗಿಯುತ್ತಿತ್ತು. ಆ ಕಾಲದ ಕಾಗದಗಳು ಮೋಡಿ ಎಂಬ, ಮರಾಠರ ಕಾಲದ ಕೂಡಕ್ಷರದ ಲಿಪಿಯಲ್ಲಿವೆ. ಅದನ್ನು ಓದಬಲ್ಲವನು ನಮ್ಮ ಸುತ್ತಿನ ಮೂರು ತಾಲೂಕಿಗೆ ನಾನೊಬ್ಬನೇ. ಹಾಳೂರಿಗೆ ಉಳಿದವನೇ ಗೌಡ.

ಹೋದ ವರ್ಷ ಅಕ್ಕನಿಗೆ ಸೀರೆ ತರಲು ಗಜೇಂದ್ರಗಡಕ್ಕೆ ಹೋದಾಗ ಅಂಗಡಿಯ ವಸಂತಣ್ಣ ಮಾತಿಗೆ ಮಾತು ಬಂದು ಹೇಳಿದ್ದರು: ಅವರ ಮನೆಯಲ್ಲಿ ಮೂಲಪುರುಷ ನರಸೋಪಂತ ದಿವಾನರ ಕಾಗದದ ಗಂಟಿದೆ, ಓದುವವರಿಲ್ಲ. ಖಂಡೇನವಮಿಯ ದಿನ ಪೂಜೆಗೆ ಹೊರಗೆ ತೆಗೆಯುವುದು ಬಿಟ್ಟರೆ ಅದನ್ನು ಮುಟ್ಟುವ ಹಾಗಿಲ್ಲ. ಒಂದು ವರ್ಷ ನಾನು ಆ ಒಂದು ದಿನಕ್ಕಾಗಿ ಕಾದಿದ್ದೆ.

ದಾರಿಯುದ್ದಕ್ಕೂ ಎರೆಹೊಲ. ರಾತ್ರಿ ಸುರಿದ ಮಳೆಗೆ ಹೊಲಗಳು ಕರ್ರಗೆ ಮಿಂಚುತ್ತಿದ್ದವು, ಹತ್ತಿ ಹೂ ಬಿಟ್ಟಿತ್ತು. ರೋಣದಲ್ಲಿ ಇಳಿದಾಗ ಒಂಬತ್ತು. ಸಂತೆಯ ಕಡೆ ಕಡಲೆಬೀಜದ ಚೀಲ ಹೊತ್ತ ಟಂಟಂ ಆಟೋಗಳಿಗೂ ಮಾಲೆ. ಬಸ್‌ಸ್ಟ್ಯಾಂಡಿನ ಎದುರು ಗಿರ್ಮಿಟ್ಟು, ಎರಡು ಮಿರ್ಚಿ, ಚಹಾ, ಒಟ್ಟು ಐವತ್ತು. ಅಂಗಡಿಯವ ಎಲ್ಲಿಗೆ ಹೊರಟಿರಿ ಎಂದು ಕೇಳಿದ. ಹಳೇ ಕಾಗದ ಓದಲು ಎಂದೆ. ಹೊಲದ ವ್ಯಾಜ್ಯವೇನು ಎಂದ. ಅಲ್ಲ, ಸುಮ್ಮನೆ ಓದಲು ಎಂದಾಗ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ ಚಿಲ್ಲರೆಯನ್ನು ಎರಡು ಸಲ ಎಣಿಸಿ ಕೊಟ್ಟ.

ಗಜೇಂದ್ರಗಡ ಮುಟ್ಟಿದಾಗ ಹನ್ನೊಂದು. ಗುಡ್ಡದ ಬುಡದ ಓಣಿಯಲ್ಲಿ ಮಗ್ಗಗಳು ಅಂದು ಸುಮ್ಮನಿದ್ದವು, ಅವಕ್ಕೂ ಕುಂಕುಮ. ವಸಂತಣ್ಣನ ಮನೆಯ ಬಾಗಿಲ ಮೇಲೆ ಹೊಸ ಹಿತ್ತಾಳೆ ಫಲಕ: ‘ದಿವಾನರ ವಾಡೆ’. ಒಳಗೆ ಅವರ ತಾಯಿ ಅಂಬಕ್ಕ, ಎಂಬತ್ತರ ಮುದುಕಿ, ದೇವರ ಮುಂದಿನ ಕೆಂಪು ಗಂಟನ್ನು ತಾನೇ ಬಿಚ್ಚಿ ನನ್ನ ಮುಂದಿಟ್ಟಳು. ಸೊಸೆಯಾಗಿ ಬಂದ ವರ್ಷದಿಂದ ಅದಕ್ಕೆ ಕುಂಕುಮ ಏರಿಸಿದವಳು, ಒಂದಕ್ಷರ ಗೊತ್ತಿಲ್ಲ. ಜೋರಾಗಿ ಓದಬೇಕೆಂದು ಅಪ್ಪಣೆ ಮಾಡಿ ಗೋಡೆಗೆ ಒರಗಿ ಕೂತಳು.

ಹಾಳೆಗಳಿಗೆ ಎಣ್ಣೆ ಹತ್ತಿತ್ತು, ಅರಿಶಿನ ಹತ್ತಿತ್ತು, ಆದರೂ ಅಕ್ಷರ ಮುತ್ತಿನಂತಿದ್ದವು. ಮೂರು ಸಾಲು ಓದಿ, ನಂಬಲಾಗದೆ ಮತ್ತೆ ಮೊದಲಿನಿಂದ ಓದಿದೆ. ಸಿಕ್ಕಿದ್ದ! ಇದೇ ನರಸೋಪಂತ, ಇಪ್ಪತ್ತೆರಡು ವರ್ಷದ ಹುಡುಗ. ದಿವಾನನಲ್ಲ, ಏನೂ ಅಲ್ಲ. ಮೋಡಿ ಕಲಿತಿದ್ದಾನೆ, ಲೆಕ್ಕ ಕಲಿತಿದ್ದಾನೆ, ನೌಕರಿ ಇಲ್ಲ. ಬರೆದದ್ದು ಇಷ್ಟೇ: ‘ಸ್ನಾನ. ಲೆಕ್ಕಣಿಕೆಯ ಮೊನೆ ಹೆರೆದೆ. ಗಡದ ಬಾಗಿಲಿಗೆ ಹೋದೆ. ಮಧ್ಯಾಹ್ನದ ತನಕ ನಿಂತೆ. ಕರೆಯಲಿಲ್ಲ. ಮರಳಿದೆ.’ ಮರುದಿನವೂ ಅದೇ. ಒಂದು ದಿನ ಬಿಸಿಲಿಗೆ ತಲೆ ತಿರುಗಿ ಬಿದ್ದ. ಒಂದು ದಿನ ಕಾವಲುಗಾರನ ಮಗಳ ಮದುವೆಗೆ ಪುಕ್ಕಟೆ ಲಗ್ನಪತ್ರಿಕೆ ಬರೆದುಕೊಟ್ಟ, ಹಾಗಾದರೂ ಒಳಗೆ ಬಿಟ್ಟಾರೆಂದು. ಬಿಡಲಿಲ್ಲ. ಮಾವ ಹಂಗಿಸಿದ.

ಓದುತ್ತ ಓದುತ್ತ ಅಂಬಕ್ಕನ ಮುಖ ನೋಡಲು ಹೆದರಿದೆ. ದಿವಾನನೆಂದು ಪೂಜಿಸಿದವಳಿಗೆ ಇದೇನು ಕೇಳಿಸುತ್ತಿದ್ದೇನೆ ಎಂದು. ಅವಳು ಕೇಳಿದ್ದು ಬೇರೆ.

“ಮನಿಗೆ ಹೊಳ್ಳಿ ಬಂದ ಮ್ಯಾಲ ಉಂಡಾ ಅಂತ ಬರದಾನೇನ್ರಿ?”

ಇಲ್ಲ ಎಂದೆ.

“ಪಾಪ. ಮುಂದ ಓದ್ರಿ.”

ಅಷ್ಟರಲ್ಲಿ ವಸಂತಣ್ಣ ಅಂಗಡಿಯ ಪೂಜೆ ಮುಗಿಸಿ ಬಂದರು. ಊಟಕ್ಕೆ ಹೋಳಿಗೆ, ತುಪ್ಪ, ಕಟ್ಟಿನ ಸಾರು. ನನ್ನ ಎಲೆಗೆ ತಾವೇ ಬಡಿಸಿದರು. ದಿವಾನರ ಬಗ್ಗೆ ಏನಿದೆ ಎಂದರು. ಇದ್ದದ್ದನ್ನು ಹೇಳಿದೆ. ಮುಖ ಬಾಡಿತು, ಆದರೆ ವ್ಯಾಪಾರಸ್ಥರು, ಬೇಗ ಸುಧಾರಿಸಿಕೊಂಡರು. ಓಣಿಯ ಜನ ಫಲಕ ನೋಡಿ ನಗುತ್ತಿದ್ದಾರಂತೆ. ಓದಿದವರೊಬ್ಬರು ಬರೆದುಕೊಟ್ಟದ್ದನ್ನು ಗೋಡೆಗೆ ಹಾಕಿದರೆ ಬಾಯಿ ಮುಚ್ಚುತ್ತಾರಂತೆ.

“ನಾಕ ಸಾಲ ಬರದ ಕೊಡ್ರಿ. ಫೋಟೋ ಎಷ್ಟ ಬೇಕಾದ್ರೂ ತಕ್ಕೊಳ್ರಿ. ಇಲ್ಲಂದ್ರ ಗಂಟ ಕಟ್ಟಿ ಇಡ್ತೀನಿ.”

ಗಡುವು ನೆನಪಾಯಿತು. ಸೀರೆ ವ್ಯಾಪಾರಿಯ ಮನೆಗೋಡೆ ಮೇಲಿನ ಕಾಗದವನ್ನು ಯಾವ ಪಂಡಿತ ಓದುತ್ತಾನೆ ಎಂದುಕೊಂಡೆ. ಬರೆದೆ: ‘ಈ ಮನೆತನದ ಮೂಲಪುರುಷರು ಗಡದ ದಿವಾನರಾಗಿದ್ದರೆಂದು ಇಲ್ಲಿಯ ಮೋಡಿ ಕಾಗದಗಳನ್ನು ಸ್ವತಃ ಓದಿ ದೃಢಪಡಿಸುತ್ತೇನೆ.’ ಹೆಸರು, ಪದವಿ, ಸಹಿ. ಅಕ್ಷರ ಚೆಂದ ಬಂತು.

ಆಮೇಲೆ ಅಂಗಳದ ಬೆಳಕಿನಲ್ಲಿ ಒಂದೊಂದೇ ಹಾಳೆ ಹರಡಿ ಫೋಟೋ ತೆಗೆದೆ. ಕಡೆಯ ಹಾಳೆಯಲ್ಲಿ ಹುಡುಗ ಬರೆದಿದ್ದ: ‘ಇಂದು ಒಳಗೆ ಕರೆದರು. ಈ ಕೆರೆ ನಮ್ಮ ಅಜ್ಜ ಕಟ್ಟಿಸಿದ್ದೆಂದು ಕಾಗದ ಬರೆ ಎಂದರು ಧಣಿಗಳು. ಕಟ್ಟಿಸಿದವರು ಬೇರೆ, ಊರಿಗೆಲ್ಲ ಗೊತ್ತು. ಬರೆದೆ. ನಾಳೆಯಿಂದ ಕಚೇರಿಯಲ್ಲಿ ಕೂರಲು ಅಪ್ಪಣೆ.’ ಕೆಳಗೆ ಅರ್ಧ ಹಾಳೆ ಖಾಲಿ. ಮುಂದೆ ಅವನು ತನಗಾಗಿ ಏನೂ ಬರೆದಿಲ್ಲ. ನನಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು.

ಕಡೆಗೆ ಏನಾಯಿತು ಎಂದು ಅಂಬಕ್ಕ ಕೇಳಿದಳು. ನೌಕರಿ ಸಿಕ್ಕಿತಂತೆ ಎಂದಷ್ಟೇ ಹೇಳಿದೆ.

“ಸಿಕ್ತಲ್ಲ, ಚಲೋ ಆತು,” ಎಂದು ಅವಳು ಖಾಲಿ ಅರ್ಧ ಹಾಳೆಗೆ ಕುಂಕುಮ ಏರಿಸಿ ಗಂಟು ಕಟ್ಟಿದಳು.

ಮೂರೂವರೆಯ ಬಸ್ಸಿಗೆ ರೋಣಕ್ಕೆ ಮರಳಿದೆ, ನಲವತ್ತೆರಡು ರೂಪಾಯಿ. ಇಳಿಯುವಾಗ ವಸಂತಣ್ಣನ ಫೋನು. ಕಾಗದಕ್ಕೆ ಕಟ್ಟು ಹಾಕಿಸಲು ಕೊಟ್ಟರಂತೆ, ದೊಡ್ಡದು ಮಾಡಿಸಿ ಅಂಗಡಿಯಲ್ಲೂ ಹಾಕುತ್ತಾರಂತೆ. ಕೊನೆಗೆ ದನಿ ತಗ್ಗಿಸಿದರು.

“ಆ ಫೋಟೋ ಯಾರಿಗೂ ತೋರಸಬ್ಯಾಡ್ರಿ ಮತ್ತ. ನಿಮ್ಮ ಸಹೀನ ಸುಳ್ಳ ಆಗ್ತದ.”

ಹೌದಲ್ಲ. ಪ್ರಬಂಧದಲ್ಲಿ ಈ ಹುಡುಗನನ್ನು ತಂದರೆ ಅವನ ಕಾಗದವಿರುವ ಮನೆಯ ವಿಳಾಸ ಕೊಡಬೇಕು. ಹುಡುಕಿಕೊಂಡು ಬಂದವರು ಮೊದಲು ಓದುವುದು ಗೋಡೆಯ ಮೇಲಿನ ನನ್ನ ಕಾಗದವನ್ನು. ಇನ್ನೂರು ಚಿಲ್ಲರೆ ವರ್ಷ ಬಾಗಿಲಲ್ಲಿ ನಿಂತವನನ್ನು ಒಳಗೆ ಕರೆಯಲು ಹೋಗಿ ನಾನೇ ಚಿಲಕ ಹಾಕಿ ಬಂದಿದ್ದೆ. ಥೂ, ನನ್ನ ಓದಿಗಿಷ್ಟು ಬೆಂಕಿ ಹಾಕ!

ನರಗುಂದದ ಬಸ್ಸು ಬಂತು. ಕಿಟಕಿಯ ಬದಿ ಕೂತಾಗ ಗುರುಗಳ ಫೋನು. ಏನಪ್ಪಾ, ನಿನ್ನ ಹುಡುಗ ಸಿಕ್ಕನೇ ಎಂದರು.

“ಇಲ್ರಿ ಸರ್. ಬರೇ ಪೂಜಾದ ಪೋಥಿ ಅದಾವ,” ಎಂದೆ. ಒಂದು ದಿನದಲ್ಲಿ ಎರಡನೇ ಸುಳ್ಳು, ಮೊದಲಿನದಕ್ಕಿಂತ ಸರಾಗವಾಗಿ ಬಂತು.