ಹೊಳೆಗೆ ಬಿಟ್ಟ ಗೇಣು ಜಾಗ

ಮುಧೋಳದ ಚಹಾದಂಗಡಿಗಳಲ್ಲಿ ಇನ್ನೂ ಒಲೆ ಹೊತ್ತಿಲ್ಲ. ಘಟಪ್ರಭೆಯ ದಂಡೆಯಲ್ಲಿ ಒಬ್ಬರೇ ಒಬ್ಬರು ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು, ಮೆಟ್ಟಿಲ ಮೇಲಿನ ರಾಡಿಯನ್ನು ಸಲಿಕೆಯಿಂದ ಎಳೆದೆಳೆದು ಹೊಳೆಗೆ ನೂಕುತ್ತಿದ್ದಾರೆ. ಮೊನ್ನೆ ಇಳಿದ ನೀರು ಬಿಟ್ಟುಹೋದ ರಾಡಿ. ಬಿಸಿಲೇರಿದರೆ ಕಲ್ಲಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಗುದ್ದಲಿಯೇ ಬೇಕು. ನೋಡಿದವರು ಪೌರಕಾರ್ಮಿಕರಿರಬೇಕು ಅಂದುಕೊಂಡು ಮುಂದೆ ಹೋಗುತ್ತಾರೆ. ಇವರು ಗಿರಿಮಲ್ಲಪ್ಪ, ಈ ದಂಡೆಯ ನಕಾಶೆ ಬರೆದವರು. ರಾಡಿ ಎತ್ತಲು ಇವರಿಗೆ ಯಾರೂ ಹೇಳಿಲ್ಲ.

"ಹಾಳ್ಯಾಗ ಬರದ್ರ ಆತೇನ್ರಿ? ನೀರು ಎಲ್ಲಿಗೆ ಬಂದು ನಿಂತಿತ್ತು, ಯಾವ ಕಲ್ಲು ಅಳ್ಳಾಡೈತಿ, ಕಣ್ಣಿಲೆ ನೋಡಬೇಕು," ಎನ್ನುತ್ತಾರೆ. ಹೇಳುವಾಗಲೂ ಸಲಿಕೆ ನಿಲ್ಲುವುದಿಲ್ಲ.

ಇಲ್ಲಿ ತಡೆಗೋಡೆ ಇಲ್ಲ. ಊರಿನಿಂದ ಹೊಳೆಯವರೆಗೆ ಅಗಲವಾದ ಹುಲ್ಲಿನ ಹಂತಗಳು, ನಡುವೆ ಹೊಂಗೆ, ನೇರಳೆ, ನೀರಿನಂಚಿಗೆ ಮಣ್ಣು ಹಿಡಿಯಲೆಂದು ಲಾವಂಚ. ಬೇಸಿಗೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ, ಎಮ್ಮೆ ಮೇಯುತ್ತವೆ. ಶ್ರಾವಣದಲ್ಲಿ ಹೊಳೆ ಏರಿದರೆ ಕೆಳಗಿನ ಹಂತ ಮೊದಲು ಮುಳುಗುತ್ತದೆ, ಆಮೇಲೆ ಮೇಲಿನದು. ಮುಳುಗಲೆಂದೇ ಮಾಡಿದ ಜಾಗ ಅದು.

ಮೂವತ್ತು ವರ್ಷದ ಹಿಂದೆ ಗಿರಿಮಲ್ಲಪ್ಪ ಬರೆಯುತ್ತಿದ್ದದ್ದು ಸೀರೆಯ ಅಂಚನ್ನು. ಬನಹಟ್ಟಿಯ ಸೋದರಮಾವನ ಬಳಿ ಕುಳಿತು ಗ್ರಾಫ್ ಹಾಳೆಯ ಚೌಕ ಚೌಕಕ್ಕೆ ಪೆನ್ಸಿಲು ತುಂಬಿ ಹೂವು, ನವಿಲು, ಗೋಪುರ ಮೂಡಿಸುವ ಕೆಲಸ. ಒಂದು ಚೌಕ ತಪ್ಪಿದರೆ ನವಿಲಿನ ಕೊಕ್ಕು ಬಾಲಕ್ಕೆ ಹೋಗಿ ಕೂಡುತ್ತಿತ್ತು. ಕಂಪ್ಯೂಟರ್ ಬಂತು, ಗ್ರಾಫ್ ಬರೆಯುವವರನ್ನು ಕೇಳುವವರಿಲ್ಲವಾಯಿತು. ಊರಿಗೆ ಮರಳಿ ಒಂದು ಎಂಜಿನಿಯರಿಂಗ್ ಕಚೇರಿಯಲ್ಲಿ ನಕಾಶೆ ಬರೆಯಲು ಸೇರಿಕೊಂಡರು.

ಎರಡು ಸಾವಿರದ ಹತ್ತೊಂಬತ್ತರ ಮಹಾಪೂರ ಅವರು ಹುಟ್ಟಿ ಬೆಳೆದ ಹೊಳಿ ಓಣಿಯನ್ನು ನುಂಗಿ ನೀರು ಕುಡಿಯಿತು. ಮನೆಯೊಳಗೆ ಗುಂಡಿ ತೋಡಿ ಕೂರಿಸಿದ್ದ ಅಪ್ಪನ ಕೈಮಗ್ಗ ಅಲ್ಲೇ ಕೊಳೆಯಿತು. ಆಮೇಲೆ ದಂಡೆ ಕಟ್ಟುವ ಕೆಲಸ ಅವರ ಕಚೇರಿಗೇ ಬಂತು. ನೀರಿನ ಲೆಕ್ಕ ಹಾಕಿದವರು ಜಮಖಂಡಿಯ ಎಂಜಿನಿಯರ್ ಅಕ್ಷತಾ.

"ಮೊದಲ ತಿಂಗಳಗಟ್ಟಲೆ ಬರೂ ಮಳಿ ಈಗ ವಾರದಾಗ ಸುರದ ಹೋಗತೈತಿ," ಎನ್ನುತ್ತಾರೆ ಅಕ್ಷತಾ. "ಗ್ವಾಡಿ ಕಟ್ಟಿದ್ರ ನೀರು ಆಚೀ ದಂಡಿಯವ್ರ ಮನಿ ಹೊಗತೈತಿ. ಹೊಳಿಗೆ ಜಾಗಾ ಬಿಡೂದೊಂದ ಹಾದಿ. ಲೆಕ್ಕ ನಂದ ಖರೆ. ಓಣಿಗೆ ಹೋಗಿ ಹೇಳಿದವ್ರು ಮಾತ್ರ ಗಿರಿಮಲ್ಲಪ್ಪಣ್ಣಾರು."

ಜಾಗ ಬಿಡುವ ಮಾತು ಗಿರಿಮಲ್ಲಪ್ಪನವರಿಗೆ ಹೊಸದಲ್ಲ. "ಎರಡು ಸೀರಿ ನಡುವ ಗೇಣು ನೂಲು ನೇಯದ ಬಿಡತೇವ್ರಿ. ಬಿಡದಿದ್ರ ಕತ್ತರಿ ಹಾಕಾಕ ಜಾಗಾ ಇರಂಗಿಲ್ಲ, ಎರಡೂ ಸೀರಿ ಕೆಡತಾವು. ಊರಿಗೂ ಹೊಳಿಗೂ ನಡುವ ಹಂಗ ಬಿಟ್ಟೇನಿ."

ಆ ಗೇಣು ಜಾಗದೊಳಗೆ ಇಡೀ ಹೊಳಿ ಓಣಿ ಬಂತು. ತೆರವಾಗಬೇಕಾದದ್ದು ಎಂಬತ್ತು ಮನೆ, ಅದರಲ್ಲಿ ಅವರದೂ ಒಂದು. ಹಾಳೆ ಸುರುಳಿ ಸುತ್ತಿಕೊಂಡು ಮನೆಮನೆಗೆ ಹೋಗಿ, ಗೆರೆ ಎಲ್ಲಿ ಹಾದಿದೆ ಎಂದು ತೋರಿಸಿದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಬಾಲ್ಯದ ಗೆಳೆಯ ಕಾಶಪ್ಪ ಅಂಗಳದಲ್ಲೇ ಕೈ ಹಿಡಿದು ನಿಲ್ಲಿಸಿದ್ದರು: "ಪೆನ್ಸಿಲ್ ನಿನ್ನ ಕೈಯಾಗ ಐತಿ. ಒಂದೀಟು ಸರಸಲೇ ಗಿರ್ಯಾ."

ಒಂದು ಸಂಜೆ ಸರಿಸಿಯೂ ಬಿಟ್ಟಿದ್ದರು. ಪಕ್ಕದ ಮನೆಯ ಹೊಳೆವ್ವನ ಮನೆಯಷ್ಟನ್ನು ಗೆರೆಯಿಂದ ಹೊರಗೆ ಉಳಿಸಿದ್ದರು. ಅವ್ವ ಮಗ್ಗದ ಮೇಲಿದ್ದಾಗ ಇವರನ್ನು ಎತ್ತಿ ಆಡಿಸಿದ, ಹೊಳೆಗೆ ಕರೆದೊಯ್ದು ಮೈ ತೊಳೆಸಿದ ಜೀವ ಅದು. ಮಹಾಪೂರದಲ್ಲಿ ಅದೇ ಮುದುಕಿಯನ್ನು ಮಾಳಿಗೆಯ ಮೇಲಿಂದ ದೋಣಿಗೆ ಇಳಿಸಿದ್ದು ನೆನಪಾಗಿ, ಬೆಳಿಗ್ಗೆ ಎದ್ದು ಗೆರೆಯನ್ನು ಇದ್ದಲ್ಲಿಗೇ ತಂದರು. "ಗೆರಿ ಸರಸಬಹುದ್ರಿ. ಹೊಳೀನ ಸರಸಾಕ ಆಗತೈತೇನು?"

ಎಲ್ಲರಿಗೂ ಊರ ಎತ್ತರದಲ್ಲಿ ಮನೆ ಸಿಕ್ಕಿತು. ಹಳೆಯ ಓಣಿಯೇ ಅಲ್ಲಿ ಹೋಗಿ ಕೂತಿದೆ. ಆದರೆ ಗಿರಿಮಲ್ಲಪ್ಪ ಹಾದು ಹೋದರೆ ಕಟ್ಟೆಯ ಮೇಲಿನ ಮಾತು ನಿಲ್ಲುತ್ತದೆ. ಕಾಶಪ್ಪ ತಂಬಾಕು ತಿಕ್ಕುತ್ತ ಮುಖ ತಿರುಗಿಸುತ್ತಾರೆ. ಪಂಚಮಿಗೆ ಹೆಂಡತಿ ರತ್ನಾಬಾಯಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಮನೆಮನೆಗೆ ತಾಟು ಕಳಿಸಿದರು. ಬಂದ ತಾಟಿನ ಉಂಡಿ ಇಳಿಸಿಕೊಂಡು, ತಮ್ಮ ಮನೆಯದನ್ನು ಇಟ್ಟು ಕಳಿಸುವುದು ಇಲ್ಲಿನ ರೀತಿ. ಇವರ ತಾಟು ಇವರದೇ ಉಂಡಿ ಹೊತ್ತು ಹಾಗೇ ತಿರುಗಿ ಬಂತು.

"ನಂಗೇನ ಬಿಡ್ರಿ, ಕೆಲಸಕ್ಕ ಹೋಗತೇನಿ. ಆಕಿ ಹಗಲೆಲ್ಲ ಒಬ್ಬಾಕೀನ," ಎನ್ನುತ್ತಾರೆ ಗಿರಿಮಲ್ಲಪ್ಪ. ತಮಗೂ ಒಂಟಿತನ ಕಾಡುತ್ತದೆ ಎಂದು ಅವರು ಹೇಳುವುದಿಲ್ಲ. ಹೇಳಿಕೊಳ್ಳಲು ಇರುವವರಾದರೂ ಯಾರು? ಹೊತ್ತೇರಿದರೆ ಕಚೇರಿ, ಈಗ ಅಲ್ಲಿ ಬೀಳಗಿ ಕಡೆಯ ಹಿನ್ನೀರಿನ ದಂಡೆಯ ನಕಾಶೆ ನಡೆದಿದೆ. ಸಂಜೆ ಮನೆ, ಮುಚ್ಚಿದ ಬಾಗಿಲು.

ಈ ಸಲ ಪಂಚಮಿ ಮುಗಿದ ವಾರಕ್ಕೇ ಹೊಳೆ ಏರಿತು. ಹಳೆಯ ಓಣಿ ಇದ್ದಲ್ಲಿ ಆಳು ಮುಳುಗುವಷ್ಟು ನೀರು. ಹುಲ್ಲಿನ ಹಂತಗಳು ಅದನ್ನು ಹಿಡಿದುಕೊಂಡವು, ಆಮೇಲೆ ನಿಧಾನವಾಗಿ ಬಿಟ್ಟುಕೊಟ್ಟವು. ಗಂಜಿ ಕೇಂದ್ರಕ್ಕೆ ಓಣಿಯ ಒಬ್ಬರೂ ಹೋಗಲಿಲ್ಲ, ಎಲ್ಲರೂ ಅವರವರ ಮನೆಯಲ್ಲೇ ರೊಟ್ಟಿ ಬಡಿದು ಉಂಡರು. ಆ ಮಾತನ್ನು ಮಾತ್ರ ಯಾರೂ ಇವರೆದುರು ಎತ್ತಲಿಲ್ಲ.

ಬೆಳಕು ಹರಿಯುತ್ತದೆ. ಮೇಲಿನಿಂದ ಹೊಳೆವ್ವ ತಂಬಿಗೆ ಹಿಡಿದು ಬರುತ್ತಾಳೆ. ಮನೆಯ ದೇವರಿಗೆ ಹೊಳೆಯ ನೀರೇ ಬೇಕು, ನಲ್ಲಿಯದು ನಡೆಯದು. ಗಿರಿಮಲ್ಲಪ್ಪ ಸಲಿಕೆ ಬದಿಗಿಟ್ಟು ಸರಿದು ನಿಲ್ಲುತ್ತಾರೆ. ಮೆಟ್ಟಿಲ ಈ ಬದಿಯಲ್ಲಿ ಮಾತ್ರ, ಹಿಡಿದು ಇಳಿಯುವ ಎತ್ತರದ ಕಂಬಿಯ ಕೆಳಗೆ ಇನ್ನೊಂದು ಗಿಡ್ಡ ಕಂಬಿ ಇದೆ. ನಕಾಶೆಯಲ್ಲಿ ಅದನ್ನು ಯಾಕೆ ಬರೆದಿರಿ ಎಂದು ಕಚೇರಿಯವರು ಕೇಳಿದಾಗ ಗಿರಿಮಲ್ಲಪ್ಪ ಮಕ್ಕಳಿಗೆ ಎಂದಿದ್ದರು. ಬಾಗಿದ ಬೆನ್ನಿನ ಹೊಳೆವ್ವನ ಕೈಗೆ ಅದು ಸರಿಯಾಗಿ ಎಟುಕುತ್ತದೆ. ಹಿಡಿದು ಹಿಡಿದು ಅದರ ಬಣ್ಣವೂ ಹೋಗಿದೆ. ಇಳಿದು, ತಂಬಿಗೆ ತುಂಬಿಕೊಂಡು, ಅದೇ ಕಂಬಿ ಹಿಡಿದು ಮೇಲೇರಿ ಹೋಗುತ್ತಾಳೆ. ಇವರ ಕಡೆ ನೋಡುವುದಿಲ್ಲ.

"ಒಮ್ಮಿ ಗಿರ್ಯಾ ಅಂತ ಕರದ್ರ ಸಾಕಿತ್ರಿ," ಎನ್ನುತ್ತಾರೆ ಗಿರಿಮಲ್ಲಪ್ಪ, ಆಕೆ ಹೋದ ದಾರಿ ನೋಡುತ್ತ. ಆಮೇಲೆ ಸಲಿಕೆ ಎತ್ತಿಕೊಳ್ಳುತ್ತಾರೆ. "ಕರೀದಿದ್ರ ಇರಲಿ. ಸಣ್ಣಾವಿದ್ದಾಗ ಇದ ಹೊಳ್ಯಾಗ ನನ್ನ ಕೈ ಹಿಡಕೊಂಡ ಇಳಸತಿದ್ಲು. ಈಗ ದಿನಾ ಮುಂಜಾನೆ ನಾ ಹಿಡಕೊಂಡ ಇಳಸತೇನಿ. ಆಕೀಗೆ ಗೊತ್ತಿಲ್ಲ, ಅಷ್ಟ."