ಸ್ಟೇಷನ್ನಿನಲ್ಲಿ ಅಳುತ್ತಿದ್ದ ಹುಡುಗಿ

ಉಗಾರದ ತವನಪ್ಪನ ಜತೆ ರೈಲಿನಲ್ಲಿ ಹೋಗುವುದೆಂದರೆ ಹೆಂಡತಿ ಅಕ್ಕುತಾಯಿಗೆ ಜೀವ ಬಾಯಿಗೆ ಬಂದಂತಾಗುತ್ತಿತ್ತು. ಗಾಡಿ ಎಲ್ಲಿ ನಿಂತರೂ ಈ ಮಹಾರಾಯ ಇಳಿಯುವವನೇ. ಚಹಾಕ್ಕಲ್ಲ, ನೀರಿಗಲ್ಲ. ಪ್ಲಾಟ್‌ಫಾರ್ಮಿನ ಬೆಂಚುಗಳ ಮೇಲೆಲ್ಲ ಕಣ್ಣಾಡಿಸಿ, ಗಾಡಿ ಅಲುಗಿದ ಮೇಲೆ ಓಡಿಬಂದು ಹತ್ತುತ್ತಿದ್ದ. ಹೆಗಲ ಮೇಲೆ ಬೇಸಿಗೆಯಲ್ಲೂ ಒಂದು ಕರಿ ಕಂಬಳಿ. “ಅಲ್ಲೇನ್ ಕಳಕೊಂಡೀರಿ?” ಎಂದು ಅವಳು ಸಿಡುಕಿದರೆ ಮುಂದಿನ ಸ್ಟೇಷನ್ನು ಬಂತೇ ಎಂದು ಕಿಟಕಿಯಲ್ಲಿ ಇಣುಕುತ್ತಿದ್ದ.

ಈ ಚಾಳಿ ಹತ್ತಿದ್ದು ಎಂಬತ್ತೆಂಟರಲ್ಲಿ. ಆಗ ಅವನು ಟೀವಿ, ವಿಸಿಆರು ಎರಡನ್ನೂ ಟೆಂಪೋದಲ್ಲಿ ಹೇರಿಕೊಂಡು ಹಳ್ಳಿಹಳ್ಳಿಗೆ ಹೋಗಿ ಪಿಕ್ಚರ್ ತೋರಿಸುತ್ತಿದ್ದ. ಮಿರಜದ ಅಂಗಡಿಯವನೊಬ್ಬ ಜಪಾನಿನ ಕಾರ್ಟೂನ್ ಕ್ಯಾಸೆಟ್ಟೊಂದನ್ನು ಕೊಟ್ಟ. ಭಾಷೆ ಒಂದಕ್ಷರ ತಿಳಿಯದು. ತವನಪ್ಪ ಅದಕ್ಕೆಲ್ಲ ಹೆದರುವ ಕುಳವೇ? ಮೈಕು ಹಿಡಿದು ತಾನೇ ಕತೆ ಕಟ್ಟಿ ಹೇಳತೊಡಗಿದ. ಕ್ಯಾಸೆಟ್ಟಿನ ಕೊನೆಗೆ ಗುಡ್ಡದ ಬುಡದಲ್ಲೊಂದು ಸಣ್ಣ ಸ್ಟೇಷನ್ನು, ಕೆಂಪು ಹೆಂಚು, ಸೋರುವ ನಳ, ಬೆಂಚಿನ ಮೇಲೆ ಅಳುತ್ತ ಕೂತ ಪುಟ್ಟ ಹುಡುಗಿ.

“ನೋಡ್ರಪಾ, ಇದು ನಮ್ಮ ರಾಯಬಾಗ ಸ್ಟೇಷನ್. ಹುಡುಗಿ ಅಪ್ಪನ ಹಾದಿ ಕಾಯಾಕತ್ತೈತಿ!” ಎಂದ. ಜನ ಹೋ ಎಂದರು. ಅಲ್ಲಿಗೆ ಕ್ಯಾಸೆಟ್ಟು ಮುಗಿಯಿತು. ಮುಂದಿನ ಭಾಗ ಮಿರಜಕ್ಕೇ ಬಂದಿರಲಿಲ್ಲ.

ಪಾಲಬಾವಿಯಲ್ಲಿ ಇದನ್ನು ನೋಡಿದವರಲ್ಲಿ ಕುರಿ ಕಾಯುವ ಮುದುಕಿ ಸತ್ತೆವ್ವನೂ ಇದ್ದಳು. ಅವಳ ಮಂದಿಯಲ್ಲಿ ಒಂದು ರೂಢಿಯಿತ್ತು. ಹಿಂಡು ಮುಂದೆ ಹೋಗಿ ಮರಿಯೊಂದು ಹಿಂದೆ ಉಳಿದಿದ್ದರೆ, ಕಂಡವರು ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಟ್ಟಿಯಿಂದ ಹಟ್ಟಿಗೆ “ಯಾರದು?” ಎಂದು ಕೇಳುತ್ತ ಹೋಗಬೇಕು. ಕಂಡೂ ಬಿಟ್ಟುಬಂದವರನ್ನು ಯಾರೂ ಮಾತನಾಡಿಸುತ್ತಿರಲಿಲ್ಲ. ಸತ್ತೆವ್ವ ಹುಡುಗಿಯನ್ನು ಕಂಡಿದ್ದಳು. ಮರುದಿನವೇ ಕಂಬಳಿ ಹೊದ್ದು, ರೊಟ್ಟಿ ಕಟ್ಟಿಕೊಂಡು ರಾಯಬಾಗ ಸ್ಟೇಷನ್ನಿಗೆ ನಡೆದಳು.

ಮುಂದಿನ ಸಂತೆಯಲ್ಲಿ ತವನಪ್ಪನ ತೋಳು ಹಿಡಿದು ನಿಲ್ಲಿಸಿದಳು. “ಏ ತಮ್ಮಾ, ರಾಯಬಾಗದಾಗ ಆ ಗುಡ್ಡಾ ಇಲ್ಲ, ಆ ನಳಾನೂ ಇಲ್ಲ. ಖರೆ ಹೆಸರ ಹೇಳ.”

ಅವನು ಪಾರಾದರೆ ಸಾಕೆಂದು, “ಹಂಗಾರ ಚಿಂಚಲಿ ಇದ್ದೀತು ಆಯಿ” ಎಂದುಬಿಟ್ಟ. ಮುದುಕಿ ಚಿಂಚಲಿಗೆ ಹೋದಳು. ಅಲ್ಲಿಂದ ಕುಡಚಿಗೆ. ಸುದ್ದಿ ಕಿವಿಗೆ ಬಿದ್ದಂತೆಲ್ಲ ತವನಪ್ಪನಿಗೆ ಊಟ ಸೇರದಾಯಿತು, ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೊಂದು ದಿನ ಅವಳು ಉಗಾರ ಸ್ಟೇಷನ್ನಿಗೇ ಬಂದಿದ್ದಾಳೆಂದು ತಿಳಿದು ಓಡಿದ. ಅದು ಜಪಾನ್ ದೇಶದ ಚಿತ್ರವೆಂದೂ, ತನಗೆ ಆ ಭಾಷೆಯೇ ಬಾರದೆಂದೂ ಹೇಳಿದ.

ಸತ್ತೆವ್ವ ಅವನ ಮುಖವನ್ನೇ ನೋಡಿದಳು. “ರಾಯಬಾಗ ಅಂದದ್ದು ಸುಳ್ಳ?”

“ಸುಳ್ಳ ಆಯಿ.”

“ಅಪ್ಪನ ಹಾದಿ ಕಾಯಾಕತ್ತಾಳ ಅಂದದ್ದು?”

“ಅದೂ ನಾನ ಕಟ್ಟಿದ್ದು.”

“ಮತ್ತ ಅಳಾಕತ್ತಿದ್ಲಲ್ಲೋ?”

ಅಳುವನ್ನು ತವನಪ್ಪ ಕಟ್ಟಿರಲಿಲ್ಲ. “ಅದು ಬರೇ ಕೈಲೆ ಬರದ ಚಿತ್ರ ಆಯಿ.”

“ಎಲ್ಲೂ ನೋಡದನ ಹಂಗ ಯಾಂವ ಬರದಾನು?” ಎಂದು ಅವಳು ಕಂಬಳಿ ತೆಗೆದು ಅವನ ಹೆಗಲಿಗೆ ಹಾಕಿದಳು. “ನನ್ನ ಕಾಲ ಸೋತಾವು. ನೀ ಊರೂರ ತಿರಗಾಂವ. ನೋಡಕೋತ ಇರು.”

ಆಮೇಲೆ ಕೇಬಲ್ ಟೀವಿ ಬಂತು, ತವನಪ್ಪನ ಧಂದೆ ಬಿತ್ತು. ಫ್ಯಾಕ್ಟರಿ ರಸ್ತೆಯಲ್ಲಿ ಮೋಟರ್ ರಿಪೇರಿ ಅಂಗಡಿ ಹಾಕಿದ. ಸತ್ತೆವ್ವ ತೀರಿಕೊಂಡಳು. ಜಪಾನಿನ ಹುಡುಗಿ ನಮ್ಮ ಹಳಿಯ ಮೇಲೆ ಸಿಗುವುದಿಲ್ಲವೆಂದು ಅವನಿಗೇನು ಗೊತ್ತಿಲ್ಲವೇ? ಆದರೂ ಗಾಡಿ ನಿಂತರೆ ಮೈ ಕೇಳುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ, ಮಗಳ ಮದುವೆಯ ಮಾತಿಗೆಂದು ಗಂಡಹೆಂಡಿರು ಬೆಳಗಾವಿಗೆ ಹೊರಟಿದ್ದರು. ಚಿಕ್ಕೋಡಿ ರೋಡಿನಲ್ಲಿ ಎಂದಿನಂತೆ ಇಳಿದ. ತುದಿಯ ಬೆಂಚಿನ ಮೇಲೆ ಪುಟ್ಟ ಹುಡುಗಿಯೊಬ್ಬಳು ಅಳುತ್ತ ಕೂತಿದ್ದಳು. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಅವನು ಅವಳ ಹತ್ತಿರ ಹೋದ. ಗಾಡಿ ಶಿಳ್ಳೆ ಹಾಕಿತು.

“ಬರ್ರಿ! ವರನ ಕಡ್ಯಾವ್ರು ಕಾಯಾಕತ್ತಾರ!” ಅಕ್ಕುತಾಯಿ ಕಿಟಕಿಯಿಂದ ಕೂಗಿದಳು.

ಗಾಡಿಯತ್ತ ನಾಲ್ಕು ಹೆಜ್ಜೆ ಓಡಿದವನು ತಿರುಗಿ ಬಂದ. ಹುಡುಗಿಗೆ ಕಂಬಳಿ ಹೊದಿಸಿ ಪಕ್ಕದಲ್ಲಿ ಕೂತ. ಹೆಂಡತಿಯ ಬೈಗುಳವನ್ನೂ ಹೊತ್ತುಕೊಂಡು ಗಾಡಿ ಹೋಯಿತು. ಹೊತ್ತು ಇಳಿಯುವ ಸುಮಾರಿಗೆ ಒಬ್ಬ ಹೆಂಗಸು ಎದೆ ಬಡಿದುಕೊಳ್ಳುತ್ತ ಹಳಿ ದಾಟಿ ಓಡಿಬಂದಳು.

“ಯಾರದು?” ತವನಪ್ಪ ಎದ್ದು ನಿಂತು ಕೇಳಿದ.

“ನಂದ್ರಿ ಯಣ್ಣಾ, ನನ್ನ ಮಗಳು!”

ಮಗುವನ್ನು ಬಾಚಿಕೊಂಡ ಅವಳು ಕಂಬಳಿ ಬಿಚ್ಚಿ ಕೊಡಲು ಬಂದಳು. ತವನಪ್ಪ ಕೈ ಚಾಚಲಿಲ್ಲ.

“ಇರ್ಲಿ ಬಿಡವಾ, ಅದು ಆಕೀದ” ಎಂದು ಹುಡುಗಿಯನ್ನು ತೋರಿಸಿದ.