ಅಮ್ಮನ ಒಂಟಿ ಹಾಯಿ

ಗುಟ್ಟೊಂದು ಹೇಳ್ತೀನಿ, ನಗಬೇಡಿ. ಸಮುದ್ರದ ಗಾಳಿಯೂ ಸೋಕದ ಶಿಡ್ಲಘಟ್ಟದ ಕಡೆಯವನು ನಾನು. ಆದರೂ ಊಟವಾದ ಮೇಲೆ ಮೊಬೈಲಿನಲ್ಲಿ ಒಂಟಿ ಹಾಯಿಯ ಪುಟ್ಟ ದೋಣಿಗಳನ್ನು ನೋಡುತ್ತಾ ಕೂರುತ್ತೇನೆ. ಕೆರೆಯಲ್ಲಿ ಕಾಲು ತೊಳೆಯೋಕೂ ಹೆದರೋ ಗಂಡಸಿಗೆ ಇದೆಲ್ಲ ಯಾಕೆ ಎಂದು ಹೆಂಡತಿ ಹಂಗಿಸುತ್ತಾಳೆ. ಹಂಗಿಸಲಿ ಬಿಡಿ. ಒಂದು ಕಂಬ, ಒಂದು ಬಟ್ಟೆ, ಒಂದು ಹಗ್ಗ. ಇಷ್ಟರಲ್ಲೇ ಸಂಸಾರ ತೂಗಿಸುವ ದೋಣಿ ಅದು. ಎರಡು ಹಾಯಿಯಿದ್ದರೆ ಒಂದನ್ನು ಸಮಾಧಾನ ಮಾಡುವಷ್ಟರಲ್ಲಿ ಇನ್ನೊಂದು ಮುನಿಸಿಕೊಳ್ಳುತ್ತದಂತೆ.

ಈ ಹುಚ್ಚು ಹತ್ತಿಸಿದ್ದು ನಮ್ಮಮ್ಮ. ಅವಳು ಹೋಗಿ ವರ್ಷಗಳಾದವು, ಹುಚ್ಚು ಮಾತ್ರ ಬಿಟ್ಟಿಲ್ಲ. ಅಮ್ಮನ ತವರು ಚಿಂತಾಮಣಿಯಿಂದಾಚೆ, ಆಂಧ್ರದ ಗಡಿ. ಅವಳ ತೆಲುಗಿನಲ್ಲಿ ಹಾಯಿ ಎಂದರೆ ಸುಖ, ನೆಮ್ಮದಿ. ನನ್ನ ಪಾಠದ ಪುಸ್ತಕದಲ್ಲಿ ಹಾಯಿದೋಣಿಯ ಚಿತ್ರ ನೋಡಿ, ಕೆಲಸವಿಲ್ಲದವರು ಹಾಯಾಗಿ ಕೂತು ಹೋಗುವ ದೋಣಿ ಎಂದೇ ತಿಳಿದಿದ್ದಳು. ಅಪ್ಪ ಅದನ್ನು ಬಂದ ನೆಂಟರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಅಮ್ಮನಿಗೆ ಮಾತ್ರ ಒಂದು ಸಲವಾದರೂ ಅದರಲ್ಲಿ ಕೂರಬೇಕೆಂಬ ಆಸೆ ಹೋಗಲೇ ಇಲ್ಲ. ಮನೆಯಲ್ಲಿ ರೇಷ್ಮೆ ಹುಳು ಸಾಕಿಕೊಂಡವರಿಗೆ ಕೂರುವುದೆಲ್ಲಿ ಬಂತು? ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು. ಸ್ವಂತ ತಂಗಿಯ ಮದುವೆಯಲ್ಲೂ ಧಾರೆ ಮುಗಿದದ್ದೇ ಬಸ್ಸು ಹತ್ತಿ ಬಂದವಳು ಅವಳು.

ಕೊನೆಗೊಂದು ವರ್ಷ ನಮ್ಮೂರ ಕೆರೆ ಕೋಡಿ ಹರಿಯಿತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ನನ್ನ ಗೆಳೆಯ ರಫಿ ಟ್ರ್ಯಾಕ್ಟರ್ ಟ್ಯೂಬುಗಳ ಮೇಲೆ ಹಲಗೆ ಬಿಗಿದ, ಬಿದಿರು ನಿಲ್ಲಿಸಿದ, ಅಮ್ಮನದೇ ಹಳೇ ಸೀರೆಯನ್ನು ಹಾಯಿ ಮಾಡಿ ಕಟ್ಟಿದ. ಅವಳನ್ನು ಮುಂದೆ ಕೂರಿಸಿ ತಾನು ಹಿಂದೆ ಹುಟ್ಟು ಹಿಡಿದು ಕೂತ. ಹಾಯಿಯ ಹಗ್ಗ ಅವಳ ಕೈಗೇ ಕೊಟ್ಟು, ಹಿಡಿದರೆ ಹೋಗುತ್ತೆ, ಬಿಟ್ಟರೆ ನಿಲ್ಲುತ್ತೆ, ಇಷ್ಟೇ ಕಣಮ್ಮ ಎಂದ. ಸೀರೆ ಉಬ್ಬಿತು, ದೋಣಿ ಹೊರಟಿತು. ಏರಿಯ ಮೇಲೆ ನಿಂತಿದ್ದ ನಾನು ಖುಷಿಯಿಂದ ಚಪ್ಪಾಳೆ ತಟ್ಟಿದೆ.

ಪಕ್ಕದಲ್ಲಿ ಅಪ್ಪನದು ಒಂದೇ ಚಡಪಡಿಕೆ. ದೋಣಿ ಇನ್ನೂ ಕೆರೆಯ ನಡುವೆ ಇರುವಾಗಲೇ, ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು, ಬೇಗ ಬಾ ಎಂದು ಕೂಗಿದರು. ಅಮ್ಮ ನಮ್ಮ ಕಡೆ ತಿರುಗಿ ನೋಡಿದಳು. ನೋಡಿ, ಕೈಯಲ್ಲಿದ್ದ ಹಗ್ಗ ಬಿಟ್ಟಳು. ಸೀರೆ ಪಟಪಟ ಬಡಿದುಕೊಂಡಿತು, ದೋಣಿ ನಿಧಾನವಾಗಿ ನಿಂತಿತು.

"ಇವತ್ತು ನೀವೇ ಹಾಕಿ" ಅಂದಳು.

ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಮನೆ ಕಡೆ ನಡೆದರು. ಆ ಸಲದ ಬೆಳೆಯಲ್ಲಿ ರೇಷ್ಮೆಗೂಡೇನೂ ಕಡಿಮೆಯಾಗಲಿಲ್ಲ.